ಕಡಲಲ್ಲಿ ಸಿಕ್ಕಿಬಿದ್ದವರ ಪುಸ್ತಕಗಳು: ಕ್ರೂಸೋ ಬಿಟ್ಟು ಇನ್ನೇನು ಓದಿದ್ದೀರಿ?

ಹಳೇಪುಸ್ತಕ

ಮಗಳು ಶಾಲೆಯ ಲೈಬ್ರರಿಯಿಂದ ರಾಬಿನ್ಸನ್ ಕ್ರೂಸೋ ತಂದಿದ್ದಳು. ಮಕ್ಕಳಿಗೆ ಅಂತ ಚಿಕ್ಕದು ಮಾಡಿದ ಪುಸ್ತಕ, ಪುಟಕ್ಕೊಂದು ಚಿತ್ರ. ಒಂದೇ ಸಂಜೆಗೆ ಮುಗಿಸಿ ನನ್ನ ಹತ್ತಿರ ಬಂದು ಕೇಳಿದಳು, "ಅಮ್ಮಾ, ಅವನ ಹಡಗು ಒಡೆದು ಹೋಯ್ತಲ್ಲ, ಅದು ಎಲ್ಲಿಗೆ ಹೊರಟಿತ್ತು?" ನನಗೂ ಗೊತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಓದಿದ್ದೂ ಅಂಥದ್ದೇ ಪುಟ್ಟ ಪುಸ್ತಕ. ಮೇಕೆ, ಗಿಣಿ, ಮರಳಿನ ಮೇಲೆ ಒಂದು ಹೆಜ್ಜೆ ಗುರುತು, ಫ್ರೈಡೇ ಅನ್ನೋ ಜೊತೆಗಾರ. ಅಷ್ಟೇ ನೆನಪು.

ಆಮೇಲೆ ಡೆಫೋ 1719ರಲ್ಲಿ ಬರೆದ ಪೂರ್ತಿ ಪುಸ್ತಕ ತೆಗೆದು ನೋಡಿದೆ. ಕ್ರೂಸೋ ಬ್ರೆಜಿಲ್‌ನಲ್ಲಿ ತೋಟ ಮಾಡಿಕೊಂಡಿದ್ದವನು. ತೋಟದ ಕೆಲಸಕ್ಕೆ ಆಫ್ರಿಕಾದಿಂದ ಗುಲಾಮರನ್ನು ತರೋಕೆ ಹೊರಟಾಗಲೇ ಹಡಗು ಒಡೆದದ್ದು. ಮಗಳಿಗೆ ಹಾಗೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವನು ಹೋಗಿ ತಲುಪದೇ ಇದ್ದದ್ದೇ ಒಳ್ಳೇದಾಯ್ತು" ಅಂದಳು.

ಅವತ್ತಿನಿಂದ ಎರಡು ವರ್ಷ ಆಯ್ತು, ಕಡಲಲ್ಲಿ ಸಿಕ್ಕಿಬಿದ್ದವರ ಪುಸ್ತಕ ಅಂದರೆ ಎಲ್ಲಿ ಕಂಡರೂ ಬಿಡ್ತಿಲ್ಲ. ಮನಸ್ಸಿಗೆ ತುಂಬಾ ಹತ್ತಿರ ಆಗಿರೋದು ಬೇಯ್ಲಿ ದಂಪತಿಯ '117 ಡೇಸ್ ಅಡ್ರಿಫ್ಟ್'. ಇಂಗ್ಲೆಂಡಿನ ಮಾರಿಸ್ ಮತ್ತು ಮ್ಯಾರಲಿನ್, ಮನೆ ಮಾರಿ ಹಾಯಿದೋಣಿ ಮಾಡಿಸಿಕೊಂಡು ನ್ಯೂಜಿಲೆಂಡಿಗೆ ಹೊರಟವರು. 1973ರ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲ ಬಡಿದು ದೋಣಿ ಮುಳುಗಿತು. ಗಾಳಿ ತುಂಬಿದ ಒಂದು ತೆಪ್ಪ, ಪಕ್ಕದಲ್ಲಿ ಕಟ್ಟಿದ ಒಂದು ಪುಟ್ಟ ದೋಣಿ, ಇಬ್ಬರೇ. ಮ್ಯಾರಲಿನ್‌ಗೆ ಈಜು ಬರ್ತಿರಲಿಲ್ಲ! ಮೀನು ಹಿಡಿಯೋಕೆ ಗಾಳ ಇಲ್ಲ. ಅವಳು ಪಿನ್ನು ಬಗ್ಗಿಸಿ ಗಾಳ ಮಾಡಿದಳು. ನಮ್ಮಮ್ಮ ಬಳೆಗೆ ಸಿಕ್ಕಿಸಿಕೊಳ್ತಾರಲ್ಲ, ಅದೇ ಸೇಫ್ಟಿ ಪಿನ್ನು. ಖಾಲಿ ಹಾಳೆ ಹರಿದು ಇಸ್ಪೀಟೆಲೆ ಮಾಡಿದಳು. ಊರಿಗೆ ಹೋದ ಮೇಲೆ ಯಾರನ್ನು ಊಟಕ್ಕೆ ಕರೆಯೋದು, ಏನೇನು ಅಡುಗೆ ಮಾಡೋದು ಅಂತ ಪಟ್ಟಿ ಬರೆದಳು. ಏಳು ಹಡಗು ಕಣ್ಣೆದುರೇ ಹಾದು ಹೋದವು, ಒಂದೂ ನಿಲ್ಲಲಿಲ್ಲ. ಮಾರಿಸ್ ಕೈಚೆಲ್ಲಿ ಕೂತಾಗೆಲ್ಲ ಇವಳು ಮುಂದಿನ ದೋಣಿ ಹೇಗಿರಬೇಕು ಅಂತ ಅವನಿಂದ ಚಿತ್ರ ಬರೆಸ್ತಿದ್ದಳು. ಕೊನೆಗೆ ಕೊರಿಯಾದ ಮೀನುಗಾರರು ಎತ್ತಿಕೊಂಡರು.

ಒಬ್ಬನೇ ಗಂಡಸು ದ್ವೀಪ ಗೆದ್ದ ಅನ್ನೋ ಕಥೆಗಿಂತ ಈ ಪಿನ್ನಿನ ಗಾಳ ನನಗೆ ದೊಡ್ಡದು ಅನ್ಸುತ್ತೆ. ನೀವೇನು ಓದಿದ್ದೀರಿ? ಕನ್ನಡದಲ್ಲಿ ಇಂಥದ್ದು ಏನಿದೆ?

ದಾರಿಹೋಕ

ಕ್ರೂಸೋ ಕಟ್ಟುಕಥೆ ಸರಿ, ಆದರೆ ಅದರ ಹಿಂದೆ ಒಬ್ಬ ನಿಜವಾದ ಮನುಷ್ಯ ಇದ್ದಾನೆ ಅಂತಾರೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಸೆಲ್ಕಿರ್ಕ್. ಅವನನ್ನು ಅಲೆ ತಂದು ಎಸೆದದ್ದಲ್ಲ, ಅವನೇ ಇಳಿದದ್ದು. 1704ರಲ್ಲಿ "ಈ ಹಡಗು ಹುಳ ಹಿಡಿದಿದೆ, ಇದರಲ್ಲಿ ಬರಲ್ಲ" ಅಂತ ಕ್ಯಾಪ್ಟನ್ ಜೊತೆ ಜಗಳಾಡಿ ಚಿಲಿ ದೇಶದ ಆಚೆಯ ದ್ವೀಪದಲ್ಲಿ ಇಳಿದ. ಇಳಿದ ಮೇಲೆ ಜೀವ ಹೊಡ್ಕೊಂಡು ವಾಪಸ್ ಕರಕೊಳ್ಳಿ ಅಂತ ಕೂಗಿದ. ಕ್ಯಾಪ್ಟನ್ ಕೇಳಲಿಲ್ಲ. 4 ವರ್ಷ 4 ತಿಂಗಳು ಒಬ್ಬನೇ. ರಾತ್ರಿ ಇಲಿಗಳು ಕಾಲು ಕಡಿಯುತ್ತಿದ್ದವಂತೆ, ಅದಕ್ಕೆ ಕಾಡುಬೆಕ್ಕುಗಳನ್ನು ಪಳಗಿಸಿ ಸುತ್ತ ಮಲಗಿಸಿಕೊಳ್ತಿದ್ದ.

ಅವನು ಹೇಳಿದ್ದು ನಿಜವಾಯ್ತು, ಆ ಹಡಗು ಮುಂದೆ ಮುಳುಗಿಯೇ ಹೋಯ್ತು. 1709ರಲ್ಲಿ ವುಡ್ಸ್ ರೋಜರ್ಸ್ ಅನ್ನೋ ಕ್ಯಾಪ್ಟನ್ ಇವನನ್ನು ಕರೆತಂದ, ತನ್ನ ಪುಸ್ತಕದಲ್ಲಿ ಬರೆದ. ಮಾತಾಡದೇ ಮಾತಾಡದೇ ಸೆಲ್ಕಿರ್ಕ್‌ಗೆ ಭಾಷೆಯೇ ಅರ್ಧ ಮರೆತು ಹೋಗಿತ್ತಂತೆ, ಶಬ್ದಗಳನ್ನು ತುಂಡು ತುಂಡು ಮಾಡಿ ಹೇಳ್ತಿದ್ದನಂತೆ. ಇದನ್ನು ಓದಿದ ದಿನ ಒಬ್ಬಳೇ ಇರೋ ನಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಡೆಫೋನ ಕ್ರೂಸೋ 28 ವರ್ಷ ಒಂಟಿ ದ್ವೀಪದಲ್ಲಿದ್ದೂ ಅಷ್ಟು ಚೆನ್ನಾಗಿ ಮಾತಾಡ್ತಾನೆ, ಅದೊಂದು ನನಗೆ ನಂಬೋಕೆ ಆಗಲ್ಲ.

ನರ್ಸಕ್ಕ

ರಾಬರ್ಟ್ಸನ್ ಕುಟುಂಬದ ಪುಸ್ತಕ ಓದಿ, 'ಸರ್ವೈವ್ ದ ಸ್ಯಾವೇಜ್ ಸೀ'. 1972ರ ಜೂನ್, ಗಲಾಪಗೋಸ್ ದ್ವೀಪಗಳ ಪಶ್ಚಿಮಕ್ಕೆ ಕಿಲ್ಲರ್ ವೇಲ್‌ಗಳು ಬಡಿದು ದೋಣಿ ಮುಳುಗಿತು. ಗಂಡ, ಹೆಂಡತಿ, ಮೂವರು ಗಂಡುಮಕ್ಕಳು, ಜೊತೆಗೊಬ್ಬ ಕಾಲೇಜು ಹುಡುಗ. ಆರು ಜನ, 38 ದಿನ. ರಬ್ಬರ್ ತೆಪ್ಪ 17 ದಿನಕ್ಕೇ ಹಾಳಾಯ್ತು. ಉಳಿದ ದಿನವೆಲ್ಲ ಆರೂ ಜನ ಸುಮಾರು 3 ಮೀಟರ್ ಉದ್ದದ ದೋಣಿಯಲ್ಲಿ. ಒಬ್ಬರು ಮಗ್ಗಲು ಬದಲಿಸಿದರೂ ದೋಣಿ ಮಗುಚೋ ಹಾಗಿತ್ತು.

ಪುಸ್ತಕ ಬರೆದದ್ದು ಗಂಡ ಡೂಗಲ್. ನಾನು ಓದಿದ್ದು ಮಾತ್ರ ಹೆಂಡತಿ ಲಿನ್‌ಗಾಗಿ. ಅವಳು ನರ್ಸು. ದೋಣಿಯ ತಳದಲ್ಲಿ ಮಳೆ ನೀರು ನಿಂತಿತ್ತು, ಆದರೆ ಅದರಲ್ಲಿ ಆಮೆಯ ರಕ್ತ, ಚೂರು, ಗಲೀಜು ಎಲ್ಲ ಸೇರಿತ್ತು. ಕುಡಿದರೆ ವಾಂತಿ ಆಗಿ ಇದ್ದ ನೀರೂ ಹೋಗುತ್ತೆ. ಆಗ ಅವಳು ಅದನ್ನು ಎನಿಮಾ ಕೊಟ್ಟಳು. ದೊಡ್ಡ ಕರುಳು ನೀರನ್ನು ಹೀರಿಕೊಳ್ಳುತ್ತೆ, ಬಾಯಿಗೆ ರುಚಿ ಹತ್ತಲ್ಲ. ಗಂಡಸರಿಗೆ ನಾಚಿಕೆ. ಇವಳು ಬಿಡಲಿಲ್ಲ. ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವಳು ನಾನು, ಆ ಪುಟ ಬಂದಾಗ ಪುಸ್ತಕ ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಕೂತೆ. ಎಂಥ ತಲೆ, ಎಂಥ ಧೈರ್ಯ!

ತುಂಬಾ ಜನ ಕೇಳ್ತಾರೆ, ಸುತ್ತ ಅಷ್ಟು ನೀರಿದೆ, ಸ್ವಲ್ಪ ಸ್ವಲ್ಪ ಕುಡಿದರೇನು ಅಂತ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಅಷ್ಟು ಉಪ್ಪನ್ನು ಹೊರಗೆ ಹಾಕೋಕೆ ಕಿಡ್ನಿಗೆ ಒಂದು ಲೀಟರಿಗಿಂತ ಜಾಸ್ತಿ ನೀರು ಬೇಕು. ಅದು ಎಲ್ಲಿಂದ ಬರುತ್ತೆ? ನಮ್ಮ ಮೈಯಿಂದಲೇ. ಕುಡಿದಷ್ಟೂ ಒಣಗ್ತೀವಿ. ಇನ್ನೊಂದು, ನೀರಿಲ್ಲದಾಗ ಮೀನು ಮಾಂಸ ಜಾಸ್ತಿ ತಿನ್ನಬಾರದು, ಅದನ್ನು ಅರಗಿಸೋಕೂ ನೀರು ಖರ್ಚಾಗುತ್ತೆ. ಹಸಿವು ವಾರಗಟ್ಟಲೆ ತಡೀಬಹುದು. ನೀರಿಲ್ಲದೆ ಕೆಲವೇ ದಿನ.

ಕರಿಕೋಟು

ನರ್ಸಕ್ಕ ಹೇಳಿದ ಈ ಉಪ್ಪುನೀರಿನ ಮಾತು ಒಂದು ದೊಡ್ಡ ಕೇಸಿನಲ್ಲೇ ಬರುತ್ತೆ. ಲಾ ಓದಿದವರಿಗೆಲ್ಲ ಗೊತ್ತು, ಡಡ್ಲಿ ಮತ್ತು ಸ್ಟೀಫನ್ಸ್ ಕೇಸು, 1884. ಮಿಗ್ನೊನೆಟ್ ಅನ್ನೋ ದೋಣಿ ಅಟ್ಲಾಂಟಿಕ್‌ನಲ್ಲಿ ಮುಳುಗಿ ನಾಲ್ವರು ಪುಟ್ಟ ದೋಣಿಗೆ ಇಳಿದರು. ತಿನ್ನೋಕೆ ಎರಡು ಡಬ್ಬಿ ಟರ್ನಿಪ್ ಗೆಡ್ಡೆ, ಕುಡಿಯೋಕೆ ಏನೂ ಇಲ್ಲ. ನಾಲ್ಕನೆಯವನು ರಿಚರ್ಡ್ ಪಾರ್ಕರ್, 17 ವರ್ಷದ ಹುಡುಗ. ತಂದೆತಾಯಿ ಇಲ್ಲ. ಬಾಯಾರಿಕೆ ತಡೆಯಲಾರದೆ ಸಮುದ್ರದ ನೀರು ಕುಡಿದು ಮಲಗಿಬಿಟ್ಟ. ಕ್ಯಾಪ್ಟನ್ ಡಡ್ಲಿಗೂ ಸ್ಟೀಫನ್ಸ್‌ಗೂ ಹೆಂಡತಿ ಮಕ್ಕಳಿದ್ದಾರೆ, ಇವನಿಗೆ ಯಾರೂ ಇಲ್ಲ, ಹೇಗೂ ಸಾಯ್ತಾನೆ ಅಂತ ಕೊಂದು ತಿಂದರು. ಕೆಲವೇ ದಿನಕ್ಕೆ ಜರ್ಮನ್ ಹಡಗು ಬಂತು.

ಊರಿಗೆ ಬಂದು ಅವರು ಏನನ್ನೂ ಮುಚ್ಚಿಡಲಿಲ್ಲ. ಕಡಲಿನ ಪದ್ಧತಿ ಇದು, ತಪ್ಪಿಲ್ಲ ಅಂತಲೇ ನಂಬಿದ್ದರು. ಜನರ ಕನಿಕರವೂ ಅವರ ಕಡೆಗೇ ಇತ್ತು. ಪಾರ್ಕರನ ಅಣ್ಣ ಬಂದು ಕೋರ್ಟಿನಲ್ಲಿ ಡಡ್ಲಿಯ ಕೈ ಕುಲುಕಿದ. ಕೋರ್ಟು ಮಾತ್ರ ಒಪ್ಪಲಿಲ್ಲ, ಪ್ರಾಣ ಉಳಿಸಿಕೊಳ್ಳೋಕೆ ಅಂತ ಇನ್ನೊಬ್ಬನನ್ನು ಕೊಂದರೂ ಅದು ಕೊಲೆಯೇ ಅಂತ ಮರಣದಂಡನೆ ಕೊಟ್ಟಿತು. ಆಮೇಲೆ ಅದು 6 ತಿಂಗಳ ಜೈಲಿಗೆ ಇಳಿಯಿತು.

'ಲೈಫ್ ಆಫ್ ಪೈ' ಓದಿದವರು ನೆನಪು ಮಾಡಿಕೊಳ್ಳಿ. ಪಾಂಡಿಚೇರಿಯ ಹುಡುಗನ ಜೊತೆ 227 ದಿನ ದೋಣಿಯಲ್ಲಿದ್ದ ಹುಲಿಯ ಹೆಸರೇನು? ರಿಚರ್ಡ್ ಪಾರ್ಕರ್. ಈ ಕೇಸಿಗೂ ಎಷ್ಟೋ ಮೊದಲು, 1838ರಲ್ಲೇ, ಎಡ್ಗರ್ ಅಲನ್ ಪೋ ಬರೆದ ಕಾದಂಬರಿಯಲ್ಲೂ ಹೀಗೇ ಕೊಂದು ತಿನ್ನಲ್ಪಡುವ ನಾವಿಕನ ಹೆಸರು ರಿಚರ್ಡ್ ಪಾರ್ಕರ್! ಕಾಲೇಜಿನಲ್ಲಿ ಪ್ರಾಣದ ಅಗತ್ಯ, ಕಾನೂನು, ತರ್ಕ ಅಂತ ಎರಡು ಗಂಟೆ ಪಾಠ ಆಯ್ತು. ಹುಡುಗ ಅನಾಥನಾಗಿದ್ದಕ್ಕೇ ಅವನ ಸರದಿ ಬಂತು ಅನ್ನೋದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದು ಇಂದಿಗೂ ನನಗೆ ಚುಚ್ಚುತ್ತೆ.

ಹಳೇಪುಸ್ತಕ

ಕರಿಕೋಟು ಸರ್, ನೀವು ಕೊನೆಗೆ ಹೇಳಿದ ಮಾತಿಗೇ ನಾನು ಕಾಯ್ತಿದ್ದೆ. ಎಸೆಕ್ಸ್ ಹಡಗಿನ ಕಥೆಯಲ್ಲೂ ಅದೇ ಇದೆ. ಅಮೆರಿಕದ ನಾಂಟುಕೆಟ್‌ನ ತಿಮಿಂಗಿಲ ಬೇಟೆಯ ಹಡಗು, 1820ರಲ್ಲಿ ತಿಮಿಂಗಿಲವೇ ಗುದ್ದಿ ಮುಳುಗಿಸಿತು. ಆ ಹಡಗಿನ ಮೇಟ್, ಅಂದರೆ ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ, ಓವನ್ ಚೇಸ್ 1821ರಲ್ಲೇ ಪುಸ್ತಕ ಬರೆದ, ಮೆಲ್ವಿಲ್ ಅದನ್ನು ಓದಿ 'ಮೊಬಿ ಡಿಕ್' ಬರೆದ. 20 ಜನ ಮೂರು ದೋಣಿ ಹತ್ತಿದರು. ಹತ್ತಿರದ ದ್ವೀಪಗಳಲ್ಲಿ ನರಭಕ್ಷಕರಿದ್ದಾರೆ ಅಂತ ಹೆದರಿ ದೂರದ ದಕ್ಷಿಣ ಅಮೆರಿಕಕ್ಕೆ ಹೊರಟರು. ಕೊನೆಗೆ ತಾವೇ ಸತ್ತವರನ್ನು ತಿಂದರು, ಚೀಟಿ ಎತ್ತಿ ಒಬ್ಬ ಹುಡುಗನನ್ನು ಕೊಂದರು. ಬದುಕಿದ್ದು ಎಂಟು ಜನ. ಆ ಎಂಟರಲ್ಲಿ ಒಬ್ಬನೂ ಕಪ್ಪು ನಾವಿಕ ಇಲ್ಲ. ಹೊರಡುವಾಗ ಎಷ್ಟೊಂದು ಜನ ಇದ್ದರು. ಫಿಲ್‌ಬ್ರಿಕ್ 2000ರಲ್ಲಿ ಬರೆದ 'ಇನ್ ದ ಹಾರ್ಟ್ ಆಫ್ ದ ಸೀ' ಓದಿದರೆ ಇದನ್ನೆಲ್ಲ ಬಿಡಿಸಿ ಹೇಳಿದ್ದಾರೆ.

ಈ ಪುಸ್ತಕಗಳನ್ನು ಓದ್ತಾ ಓದ್ತಾ ನನಗೆ ಬಂದಿರೋ ಯೋಚನೆ ಇದೇ. ಬದುಕಿ ಬಂದವರು ಬರೀತಾರೆ, ಅದರಲ್ಲೂ ಬರೆಯೋಕೆ ಬರ್ತಿದ್ದವರು ಬರೀತಾರೆ. ಉಳಿದವರನ್ನು ನಾವು ಸಾಲುಗಳ ನಡುವೆ ಹುಡುಕಬೇಕು.

ಮಲ್ಪೆಯವ

ನಾನು ಓದೋದು ಕಡಿಮೆ. ಆದ್ರೂ ಇದನ್ನು ಪೂರ್ತಿ ಓದಿದೆ, ಒಂದು ಮಾತು ಹೇಳ್ಬೇಕು ಅನ್ಸಿತು. ಅಪ್ಪ ಆಳಸಮುದ್ರ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು, ಆಗಿದ್ದರು, ನಾನೂ ಮೂರು ಸೀಸನ್ ಹೋಗಿದ್ದೇನೆ. ಒಮ್ಮೆ ಇಂಜಿನ್ ಕೆಟ್ಟು ಎರಡು ರಾತ್ರಿ ಒಂದು ಹಗಲು ಗಾಳಿ ಎಳೆದ ಕಡೆಗೆ ಹೋದೆವು. ನೀರಿನ ಒಂದು ಡ್ರಮ್ಮು ಸೋರಿ ಖಾಲಿ ಆಗಿತ್ತು. ಉಳಿದದ್ದು ಒಂದು ಕ್ಯಾನು. ಅಪ್ಪ ಮೀನಿನ ಚೂರಿಯಿಂದ ಕ್ಯಾನಿನ ಮೇಲೆ ಗೀರು ಹಾಕಿದರು, ಒಂದೊಂದು ಗೀರು ಒಂದೊಂದು ಹೊತ್ತಿಗೆ. ಏಳು ಜನ, ಒಂದೇ ಸ್ಟೀಲ್ ಲೋಟ. ಮೊದಲು ಅಡುಗೆಯ ಹುಡುಗನಿಗೆ, ಕೊನೆಗೆ ತಾವು. ಹುಡುಗ ಉತ್ತರ ಕರ್ನಾಟಕದವನು, ಮೊದಲನೇ ಸಲ ಕಡಲಿಗೆ ಬಂದವನು, ಅಳ್ತಿದ್ದ. ಮೂರನೇ ದಿನ ಬೆಳಿಗ್ಗೆ ಬೇರೆ ಬೋಟಿನವರು ಹಗ್ಗ ಹಾಕಿ ಎಳೆದು ತಂದರು. ಅಷ್ಟೇ ಕಥೆ, ಇದರಲ್ಲಿ ಪುಸ್ತಕ ಆಗುವಂಥದ್ದು ಏನೂ ಇಲ್ಲ.

ಆದರೆ 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು ನಿಮಗೆಲ್ಲ ನೆನಪಿರಬಹುದು. ಏಳು ಜನ. ತಿಂಗಳುಗಟ್ಟಲೆ ಹುಡುಕಿದರು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡೆ ಕಡಲಡಿಯಲ್ಲಿ ಸಿಕ್ಕಿತು, ಜನ ಸಿಗಲಿಲ್ಲ. ಇಲ್ಲಿ ಮನೆಮನೆಯಲ್ಲಿ ಆ ತಿಂಗಳುಗಳು ಹೇಗೆ ಹೋದವು ಅಂತ ನಮಗೆ ಗೊತ್ತು. ಹಾಗಾಗಿ ಬದುಕಿ ಬಂದವರ ಪುಸ್ತಕ ಕೈಗೆತ್ತಿಕೊಂಡರೆ ನನಗೆ ದಡದಲ್ಲಿ ಕಾದವರೇ ಕಣ್ಣ ಮುಂದೆ ಬರ್ತಾರೆ.

ಒಂದೇ ಒಂದು ಓದಿದ್ದೇನೆ, ಗೆಳೆಯ ಕೊಟ್ಟದ್ದು, '438 ಡೇಸ್'. ಸಾಲ್ವಡಾರ್ ಅಲ್ವರೆಂಗಾ, ನಮ್ಮ ಹಾಗೇ ಮೀನು ಹಿಡಿಯೋನು. 2012ರ ನವೆಂಬರ್‌ನಲ್ಲಿ ಮೆಕ್ಸಿಕೋದಿಂದ ಹೊರಟು, ಗಾಳಿಮಳೆಗೆ ಇಂಜಿನ್ ಕೆಟ್ಟು, 2014ರ ಜನವರಿಯಲ್ಲಿ ಪೆಸಿಫಿಕ್‌ನ ಆ ತುದಿ ಮಾರ್ಷಲ್ ದ್ವೀಪಗಳಲ್ಲಿ ದಡ ಹತ್ತಿದ. ಜೊತೆಗೆ ಬಂದಿದ್ದ ಹುಡುಗ ಎಜೆಕಿಯೆಲ್ ಕೊರ್ಡೋಬಾ ಹಸಿ ಹಕ್ಕಿ ತಿಂದು ಕಾಯಿಲೆ ಬಿದ್ದ ಮೇಲೆ ಏನೂ ಮುಟ್ಟದೆ ಸತ್ತ. ಅಲ್ವರೆಂಗಾ ದಡ ಸೇರಿದ ಮೇಲೆ ಆ ಹುಡುಗನ ತಾಯಿಯನ್ನು ಹುಡುಕಿಕೊಂಡು ಹೋದ. ಇಡೀ ಪುಸ್ತಕದಲ್ಲಿ ನನಗೆ ದೊಡ್ಡದು ಅನಿಸಿದ್ದು ಅದೊಂದೇ.

ನರ್ಸಕ್ಕ

ಮಲ್ಪೆ ತಮ್ಮ, ನಿಮ್ಮ ಅಪ್ಪನ ಆ ಗೀರುಗಳು ಪುಸ್ತಕ ಆಗುವಂಥದ್ದೇ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಬೆಳಗಿನಬಸ್ಸು

ಪೂನ್ ಲಿಮ್ ಹೆಸರು ಯಾರೂ ಹೇಳಲಿಲ್ಲ. ಬ್ರಿಟಿಷ್ ಹಡಗಿನಲ್ಲಿ ಊಟ ಬಡಿಸುವ ಕೆಲಸದ ಚೀನೀ ಹುಡುಗ. 1942ರ ನವೆಂಬರ್‌ನಲ್ಲಿ ಜರ್ಮನ್ ಸಬ್‌ಮರೀನ್ ಹೊಡೆದು ಹಡಗು ಮುಳುಗಿತು. ಮರದ ತೆಪ್ಪದಲ್ಲಿ ಒಬ್ಬನೇ 133 ದಿನ. ಟಾರ್ಚಿನ ಸ್ಪ್ರಿಂಗ್ ತೆಗೆದು ಗಾಳ ಮಾಡಿದ, ಸೆಣಬಿನ ಹಗ್ಗ ಬಿಚ್ಚಿ ದಾರ ಮಾಡಿದ. ಬ್ರೆಜಿಲ್‌ನ ಮೀನುಗಾರರು ಎತ್ತಿಕೊಂಡರು. ಇವರಲ್ಲಿ ಹಲವರನ್ನು ಕಾಪಾಡಿದ್ದು ಕೊರಿಯಾ, ಜಪಾನ್, ಬ್ರೆಜಿಲ್‌ನ ಮೀನುಗಾರರೇ, ಗಮನಿಸಿದ್ರಾ? ರಾಬರ್ಟ್ಸನ್ ಕುಟುಂಬವನ್ನು ಎತ್ತಿಕೊಂಡದ್ದೂ ಜಪಾನಿನ ಮೀನುಬೋಟು.

ಹಳ್ಳಿಮೇಷ್ಟ್ರು

'ಲಾರ್ಡ್ ಆಫ್ ದ ಫ್ಲೈಸ್' ಬಿ.ಎ.ನಲ್ಲಿ ನಮಗೆ ಪಠ್ಯ ಆಗಿತ್ತು. ಹುಡುಗರನ್ನು ದ್ವೀಪದಲ್ಲಿ ಬಿಟ್ಟರೆ ಒಬ್ಬರನ್ನೊಬ್ಬರು ಕೊಲ್ತಾರೆ ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದೆ. ಆಮೇಲೆ ಮೂವತ್ತು ವರ್ಷ ಹುಡುಗರ ನಡುವೆಯೇ ಇದ್ದೇನೆ. ನನಗೆ ಹಾಗೆ ಕಂಡಿಲ್ಲ.

1965ರಲ್ಲಿ ಟೋಂಗಾ ದೇಶದ ಆರು ಹುಡುಗರು ಹಾಸ್ಟೆಲ್ ಬೇಡ ಅಂತ ದೋಣಿ ಕದ್ದು ಓಡಿಹೋಗಿ ಅಟಾ ಅನ್ನೋ ಖಾಲಿ ದ್ವೀಪಕ್ಕೆ ಬಿದ್ದರು. ಒಂದು ವರ್ಷದ ಮೇಲೆ ಇದ್ದರು. ಹಚ್ಚಿದ ಬೆಂಕಿ ಆರಿಸಲಿಲ್ಲ. ಸರದಿ ಹಾಕಿಕೊಂಡು ತೋಟ, ಅಡುಗೆ, ಕಾವಲು ನೋಡಿಕೊಂಡರು. ಜಗಳ ಆದರೆ ಇಬ್ಬರೂ ದ್ವೀಪದ ಬೇರೆ ಬೇರೆ ಕಡೆ ಹೋಗಿ ಸಿಟ್ಟು ಇಳಿದ ಮೇಲೆ ಬರಬೇಕು. ಒಬ್ಬ ಬಿದ್ದು ಕಾಲು ಮುರಿದುಕೊಂಡ, ಉಳಿದವರು ಕಡ್ಡಿ ಕಟ್ಟಿ ಕೂರಿಸಿದರು, ನೆಟ್ಟಗೆ ಕೂಡಿಕೊಂಡಿತು. 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಅವರನ್ನು ಕಂಡು ಕರೆತಂದರು. ಆ ದ್ವೀಪ ಯಾಕೆ ಖಾಲಿ ಇತ್ತು ಗೊತ್ತಾ? 1863ರಲ್ಲಿ ಗುಲಾಮರ ವ್ಯಾಪಾರಿಗಳು ಬಂದು ಅಲ್ಲಿನ ಜನರನ್ನು ಹೊತ್ತೊಯ್ದಿದ್ದರು. ಹಳೇ ಊರಿನವರು ಬಿಟ್ಟುಹೋದ ಬಾಳೆ, ಕೆಸು, ಕೋಳಿಗಳೇ ಈ ಹುಡುಗರ ಹೊಟ್ಟೆ ತುಂಬಿಸಿದ್ದು. ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಈ ಕಥೆ ಹೇಳ್ತೀನಿ.

ದಾರಿಹೋಕ

ಕನ್ನಡದಲ್ಲಿ ಏನಿದೆ ಅಂತ ಕೇಳಿದ್ರಲ್ಲ. ತೇಜಸ್ವಿಯವರ 'ಮಹಾಪಲಾಯನ'. ಕಡಲಲ್ಲ, ಹಿಮ ಮತ್ತು ಮರಳುಗಾಡು. ಸೈಬೀರಿಯಾದ ಕೈದಿಗಳು ತಪ್ಪಿಸಿಕೊಂಡು ಗೋಬಿ ದಾಟಿ ಹಿಮಾಲಯ ಹತ್ತಿ ಇಂಡಿಯಾಕ್ಕೆ ಬರೋದು. ಮೂಲ ರಾವಿಜ್ ಅನ್ನೋ ಪೋಲೆಂಡಿನವನದು. 2006ರಲ್ಲಿ ಬಿಬಿಸಿಯವರು ಹಳೇ ಕಾಗದ ಹುಡುಕಿದಾಗ ರಾವಿಜ್ ತಪ್ಪಿಸಿಕೊಂಡಿರಲಿಲ್ಲ, 1942ರಲ್ಲಿ ಬಿಡುಗಡೆ ಆಗಿದ್ದ ಅಂತ ಗೊತ್ತಾಯ್ತು. ನನಗೆ ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದರೂ ಆ ಕನ್ನಡ ಇದೆಯಲ್ಲ, ಬಾಯಾರಿಕೆಯ ಪುಟಗಳನ್ನು ಓದುವಾಗ ನಾನು ಎರಡು ಸಲ ಎದ್ದು ಹೋಗಿ ನೀರು ಕುಡಿದಿದ್ದೆ.

ಹಳೇಪುಸ್ತಕ

ಮೇಷ್ಟ್ರೇ, ನಿಮ್ಮ ಅಟಾ ದ್ವೀಪ ಓದಿ ನಾನು ಹೇಳಬೇಕೆಂದಿದ್ದನ್ನು ಹೇಳಿಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಟ್ರೊಮೆಲಿನ್. ಮಡಗಾಸ್ಕರ್‌ನ ಪೂರ್ವಕ್ಕೆ, ನಮ್ಮ ಇದೇ ಹಿಂದೂ ಮಹಾಸಾಗರದಲ್ಲಿರೋ ಮರಳಿನ ದಿಣ್ಣೆ. ಉದ್ದ ಎರಡು ಕಿಲೋಮೀಟರೂ ಇಲ್ಲ. ಅತಿ ಎತ್ತರದ ಜಾಗ ಸುಮಾರು 7 ಮೀಟರ್. ಮರ ಇಲ್ಲ, ಒಂದಿಷ್ಟು ಕುರುಚಲು. 1761ರ ಜುಲೈ ಕೊನೆಯ ರಾತ್ರಿ ಯುಟೀಲ್ ಅನ್ನೋ ಫ್ರೆಂಚ್ ಹಡಗು ಅಲ್ಲಿ ಒಡೆಯಿತು. ಕ್ಯಾಪ್ಟನ್ ಕದ್ದುಮುಚ್ಚಿ ಮಡಗಾಸ್ಕರ್‌ನಿಂದ ಗುಲಾಮರನ್ನು ತುಂಬಿಕೊಂಡು ಹೊರಟಿದ್ದ. ಅವರನ್ನು ಕೆಳಗೆ ಕೂಡಿ ಹಾಕಿದ್ದರಿಂದ ಬಹಳ ಜನ ಒಳಗೇ ಮುಳುಗಿದರು. ಉಳಿದವರೂ ಫ್ರೆಂಚರೂ ಸೇರಿ ಬಾವಿ ತೋಡಿದರು, ಒಡೆದ ಹಲಗೆಗಳಿಂದ ದೋಣಿ ಕಟ್ಟಿದರು. ಎರಡು ತಿಂಗಳಿಗೆ ದೋಣಿ ಸಿದ್ಧ. ಫ್ರೆಂಚರು ಹತ್ತಿದರು. ಸುಮಾರು 60 ಮಡಗಾಸ್ಕರ್ ಜನರನ್ನು ದಡದಲ್ಲೇ ಬಿಟ್ಟರು, ಹಡಗು ಕಳಿಸ್ತೀವಿ ಅಂತ ಮಾತು ಕೊಟ್ಟರು. ಕಾಸ್ತೆಲಾನ್ ಅನ್ನೋ ಅಧಿಕಾರಿ ನಿಜವಾಗಿಯೂ ಕೇಳಿಕೊಂಡ. ಮೇಲಿನವರು ಕೊಡಲಿಲ್ಲ. ಹಡಗು ಬಂದದ್ದು 1776ರಲ್ಲಿ. ಹದಿನೈದು ವರ್ಷ ಆಗಿತ್ತು. ಉಳಿದಿದ್ದದ್ದು 7 ಹೆಂಗಸರು, 8 ತಿಂಗಳ ಒಂದು ಮಗು.

ಆ ಹೆಂಗಸರು ಯಾರೂ ಪುಸ್ತಕ ಬರೆಯಲಿಲ್ಲ. ದ್ವೀಪಕ್ಕೆ ಹೆಸರಾಗಿರೋದು ಕರೆತಂದ ಕ್ಯಾಪ್ಟನ್ನಿನದು. 2006ರಿಂದ ಮ್ಯಾಕ್ಸ್ ಗೆರೂ ಅನ್ನುವವರ ತಂಡ ಹೋಗಿ ಮರಳು ಅಗೆದಾಗ ಅಡುಗೆಮನೆ ಸಿಕ್ಕಿತು. ಹವಳದ ಕಲ್ಲು ಪೇರಿಸಿ ಕಟ್ಟಿದ ದಪ್ಪ ಗೋಡೆ. ಅವರ ನಾಡಿನಲ್ಲಿ ಕಲ್ಲಿನಿಂದ ಕಟ್ಟುತ್ತಿದ್ದದ್ದು ಗೋರಿಗಳನ್ನು ಮಾತ್ರವಂತೆ, ಇಲ್ಲಿ ಚಂಡಮಾರುತಕ್ಕೆ ಬೇರೆ ದಾರಿ ಇರಲಿಲ್ಲ. ಒಳಗೆ ತಾಮ್ರದ ಪಾತ್ರೆಗಳು. ತೂತು ಬಿದ್ದಲ್ಲಿ ತಗಡಿನ ತೇಪೆ, ಆ ತೇಪೆ ಸವೆದಲ್ಲಿ ಇನ್ನೊಂದು ತೇಪೆ, ಸಣ್ಣ ಸಣ್ಣ ಮೊಳೆ ಬಡಿದು ಕೂಡಿಸಿದ್ದು. ಫೋಟೋ ದೊಡ್ಡದು ಮಾಡಿ ನೋಡಿದೆ. ಅಜ್ಜಿಯ ಮನೆಯಲ್ಲಿ ಹಂಡೆ ಸೋರಿದಾಗ ಬೋಗಾರರು ಬಂದು ಹಾಕ್ತಿದ್ದ ತೇಪೆಯ ಹಾಗೇ ಇದೆ. ಆಮೆ, ಕಡಲಹಕ್ಕಿ ಬೇಯಿಸಿದ್ದು ಅದರಲ್ಲೇ. ನಾನು ಓದಿರೋ ಅಷ್ಟೂ ಪುಸ್ತಕಕ್ಕಿಂತ ಆ ಪಾತ್ರೆಯನ್ನು ಹೆಚ್ಚು ನಂಬ್ತೀನಿ.

ತುಮರಿಕಡೆಯವಳು

ಇಲ್ಲಿಯವರೆಗೆ ಯಾರೂ ನಾ. ಡಿಸೋಜಾ ಅವರ 'ದ್ವೀಪ' ಹೇಳಲಿಲ್ಲವಲ್ಲ! ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿರ್ತೀರಿ, ಕಾದಂಬರಿ ಓದಿ. ಅಲ್ಲಿ ಯಾರೂ ಹಡಗು ಹತ್ತಿಲ್ಲ. ಗಣಪಯ್ಯ, ನಾಗವೇಣಿ ತಮ್ಮ ಮನೆಯಲ್ಲೇ ಇದ್ದಾರೆ. ಶರಾವತಿಗೆ ಕಟ್ಟೆ ಕಟ್ಟಿದ್ದರಿಂದ ನೀರೇ ಏರುತ್ತಾ ಏರುತ್ತಾ ಬಂದು ಗುಡ್ಡ ದ್ವೀಪ ಆಗುತ್ತೆ.

ನಾವು ಹಿನ್ನೀರಿನ ಆಚೆ ದಡದವರು. ಸಾಗರ ಪೇಟೆಗೆ ಹೋದರೆ "ದ್ವೀಪದವರು ಬಂದ್ರು" ಅಂತಿದ್ದರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮುಗೀತು, ಬೆಳಗಿನವರೆಗೆ ದಡದಲ್ಲೇ. ನನ್ನ ಚಿಕ್ಕಪ್ಪನಿಗೆ ಒಂದು ರಾತ್ರಿ ಎದೆನೋವು ಬಂತು. ಆಚೆ ದಡದ ದೀಪ ಕಾಣ್ತಿತ್ತು. ಫೋನ್ ಮಾಡಿದೆವು, ನಡೆಸುವವರು ಬೆಳಿಗ್ಗೆ ಬರ್ತೀವಿ ಅಂದರು. ಜೀಪಿನ ಸೀಟಿನಲ್ಲಿ ಅವರ ತಲೆ ಚಿಕ್ಕಮ್ಮನ ತೊಡೆಯ ಮೇಲಿತ್ತು, ಕತ್ತಲಲ್ಲಿ ನೀರಿನ ಸದ್ದು ಬಿಟ್ಟರೆ ಏನಿಲ್ಲ. ಬೆಳಗಾಗೋದರೊಳಗೆ ಹೋಗಿಬಿಟ್ಟರು. 2025ರ ಜುಲೈನಲ್ಲಿ ಸೇತುವೆ ಆಯ್ತು. ಮೊದಲ ಸಲ ಅದರ ಮೇಲೆ ಹೋದಾಗ ಚಿಕ್ಕಮ್ಮ ಕಿಟಕಿಯಿಂದ ಆ ಜಾಗ ನೋಡ್ತಾನೇ ಇದ್ದರು.

ಹಳೇಪುಸ್ತಕ ಅಕ್ಕ, ನೀವು ಹೇಳಿದ ಆ 60 ಜನ ದಡದಲ್ಲಿ ನಿಂತು ದೋಣಿ ಹೋಗೋದನ್ನು ನೋಡಿದ್ದು ನನಗೆ ಅರ್ಥ ಆಗುತ್ತೆ.

ಮಲ್ಪೆಯವ

ತುಮರಿ ಅಕ್ಕ, ಓದಿ ಏನು ಹೇಳಬೇಕು ತಿಳಿಯಲಿಲ್ಲ. ಆ ಪುಸ್ತಕ ಇಲ್ಲಿ ಎರಡು ಅಂಗಡಿಯಲ್ಲಿ ಕೇಳಿದೆ, ಇಲ್ಲ ಅಂದರು. ಅಪ್ಪನಿಗೆ ಓದಿ ಹೇಳಬೇಕು ಅಂತ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ.

ತುಮರಿಕಡೆಯವಳು

ನನ್ನ ಹತ್ತಿರ ಎರಡು ಪ್ರತಿ ಇದೆ ತಮ್ಮ. ಒಂದರ ರಟ್ಟು ಕಿತ್ತಿದೆ, ಪುಟ ಎಲ್ಲ ಇದೆ. ಮೆಸೇಜ್‌ನಲ್ಲಿ ವಿಳಾಸ ಕಳಿಸಿ, ಸೋಮವಾರ ಸಾಗರಕ್ಕೆ ಹೋಗ್ತೀನಿ, ಅಂಚೆಗೆ ಹಾಕ್ತೀನಿ.